ದುರ್ಬೀನು ಕಾಕಾ

ಗದಗ-ಬೆಟಗೇರಿಯಲ್ಲಿ ನಸುಕಿಗೆ ಯಾರಾದರೂ ಬಾಗಿಲು ಬಡಿದರೆ ಬಳಗದಲ್ಲಿ ಯಾರೋ ತೀರಿಕೊಂಡಿರಬೇಕು, ಇಲ್ಲವೇ ಓಣಿಯಲ್ಲಿ ಹಕ್ಕಿಹುಚ್ಚರು ಇರಬೇಕು. ನಮ್ಮ ಓಣಿಯವರು ದುರ್ಬೀನು ಕಾಕಾ. ನಿವೃತ್ತಿಯ ಮರುದಿನ ಕೊರಳಿಗೆ ಬಿದ್ದ ದುರ್ಬೀನು ಜಳಕಕ್ಕಷ್ಟೇ ಕೆಳಗಿಳಿಯುತ್ತದೆ. ಜಾಕೀಟಿನ ತುಂಬ ಕಿಸೆ. ಒಂದರಲ್ಲೂ ಪೆಟ್ರೋಲಿನ ರೊಕ್ಕವಿಲ್ಲ.

ಕಾರು ನನ್ನದು, ದಾರಿ ಅವರದು. ಮುಂಡರಗಿ ಕಡೆಯಿಂದ ಕಪ್ಪತಗುಡ್ಡ ಸುತ್ತಿ, ಶಿರಹಟ್ಟಿ ಹಾದು ಮಾಗಡಿ ಕೆರೆಗೆ. ಹೊಟ್ಟೆ ಹಸಿದರೂ ಗಿರಮಿಟ್ ಅಂಗಡಿ ಮುಂದೆ ನಿಲ್ಲಿಸುವಂತಿಲ್ಲ. ತಂತಿಯ ಮೇಲೆ ಕಾಜಾಣ ಕೂತರೆ ಮಾತ್ರ ನಡುರಸ್ತೆಯಲ್ಲೂ ಬ್ರೇಕ್ ಒತ್ತಬೇಕು. ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಅವರ ತೋರಿಸುವ ಚಟ.

“ಅಲ್ಲಿ ನೋಡು ತಮ್ಮಾ, ಆ ಜಾಲಿಗಿಡದ ಎಡಕ್ಕ, ಮೂರನೇ ಟೊಂಗಿ.”

ಎದುರಿಗಿರುವುದೆಲ್ಲ ಜಾಲಿಯೇ. ದುರ್ಬೀನನ್ನು ಕೊರಳಿಂದ ತೆಗೆಯದೆ ಕೊಡುತ್ತಾರಾದ್ದರಿಂದ ಅವರ ಗದ್ದಕ್ಕೆ ಕಿವಿ ಹಚ್ಚಿ ನಿಲ್ಲಬೇಕು. ಅದೋ ಅವರ ಕಣ್ಣಿಗೆ ಹೊಂದಿಸಿದ್ದು. ನನಗೆ ಕಾಣುವುದು ಬರೀ ಮಸುಕು ಹಸಿರು.

“ಕಂಡ್ತಿಲ್ಲೊ?”

“ಕಂಡ್ತರಿ ಕಾಕಾ.”

“ಹಂಗಾರ ಕೊಕ್ಕಿನ ಬಣ್ಣ ಹೇಳು!”

ಹಕ್ಕಿ ಆಗಲೇ ಹಾರಿಹೋಗಿರುತ್ತದೆ. ಮೌಖಿಕ ಪರೀಕ್ಷೆ ಮಾತ್ರ ಶಿರಹಟ್ಟಿ ಮುಟ್ಟುವವರೆಗೂ ಮುಗಿಯುವುದಿಲ್ಲ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾದ ಮೇಲಂತೂ ಪಠ್ಯಕ್ರಮವೂ ಹಿಗ್ಗಿದೆ. ಈಗ ತೋಳದ ಹೆಜ್ಜೆಗೂ ಅಂಕ ಉಂಟು.

ಮಾಗಡಿ ಕೆರೆ ಕಂಡೊಡನೆ ಮನುಷ್ಯ ಮೆತ್ತಗಾಗುತ್ತಾರೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ನೀರಿನ ತುಂಬ. 7,000 ಮೀಟರಿಗೂ ಮೇಲೆ ಹಾರಿದ ದಾಖಲೆ ಇವುಗಳದು. ಕೆರೆಗೆ 2024ರಲ್ಲಿ ರಾಮ್‌ಸರ್ ಜೌಗುತಾಣದ ಪಟ್ಟ ಸಿಕ್ಕಾಗ ಓಣಿಗೆಲ್ಲ ಪೇಢೆ ಹಂಚಿದವರು ಕಾಕಾ. (ಪೇಢೆ ತಂದದ್ದು ನಾನು.)

ಒಮ್ಮೆ ರೈತರೊಬ್ಬರು ನೇರ ಅವರ ಹತ್ತಿರವೇ ಬಂದರು. “ನಿಮ್ಮ ಹಕ್ಕಿ ರಾತ್ರಿ ನನ್ನ ಹೊಲಾ ಮೇಯ್ದು ಹೋಗ್ಯಾವ್ರಿ.”

“ಹಿಮಾಲಯ ದಾಟಿ ಬಂದಾವಪಾ,” ಎಂದರು ಕಾಕಾ.

“ಯಾಕ್ರಿ, ಅಲ್ಲಿ ಕಡ್ಲಿ ಬೆಳಿಯಂಗಿಲ್ಲೇನು?”

ಕಾಕಾ ಬಾಯಿ ಕಟ್ಟಿದ್ದನ್ನು ಅವತ್ತೇ ನೋಡಿದ್ದು. ದುರ್ಬೀನನ್ನು ಬೆನ್ನಿಗೆ ಸರಿಸಿ, ಹೊಲದ ಬದುವಿನವರೆಗೂ ಆ ರೈತರ ಹಿಂದೆ ನಡೆದು ಹೋದರು.

“ಬರೋ ಬ್ಯಾಸಗಿಗೆ ಲಡಾಖ್ ಗ್ಯಾರಂಟಿ, ಇವು ತತ್ತಿ ಇಡೋದನ್ನ ಅಲ್ಲೇ ನೋಡೋಣು,” ಎಂಬುದು ಪ್ರತಿ ಸಲ ತಿರುಗಿ ಬರುವಾಗಿನ ಮಾತು. ಈಗ ಮೊಣಕಾಲು ಕೇಳುವುದಿಲ್ಲ. ಹೆಬ್ಬಾತು ವರ್ಷಕ್ಕೊಮ್ಮೆ ಹೋಗಿ ಬರುತ್ತದೆ. ಕಾಕಾ ಲಕ್ಷ್ಮೇಶ್ವರ ದಾಟಿಲ್ಲ. ನಾನೂ ಹೂಂಗುಟ್ಟುತ್ತ ಗೇರ್ ಬದಲಿಸುತ್ತೇನೆ.

ನವೆಂಬರಿನಿಂದ ಮಾರ್ಚಿನೊಳಗೆ ನೀವೂ ಮಾಗಡಿಗೆ ಬನ್ನಿ, ಗದಗದಿಂದ ಸುಮಾರು 26 ಕಿಲೋಮೀಟರ್. ದುರ್ಬೀನು ನಿಮ್ಮದೇ ಇರಲಿ. ಕಾಕಾ ಹಿಡಿದು ಕೇಳಿದರೆ, ಹೆಬ್ಬಾತಿನ ಕೊಕ್ಕು ಹಳದಿ, ತುದಿ ಕಪ್ಪು.