ಟಿಕೆಟ್ ಯಂತ್ರರಾಯರಿಗೆ ಚಳ್ಳಕೆರೆಯಿಂದ ಒಂದು ಓಲೆ

ಜಪಾನಿನ ರೈಲು ನಿಲ್ದಾಣಗಳಲ್ಲಿ ನಿಂತಿರುವ ಮಹಾಸ್ವಾಮಿ ಟಿಕೆಟ್ ಯಂತ್ರರಾಯರಿಗೆ,

ಚಳ್ಳಕೆರೆ ಬಸ್ ನಿಲ್ದಾಣದ ಕಾಯಂ ಪ್ರಯಾಣಿಕನ ನಮಸ್ಕಾರಗಳು. ತಮ್ಮೆದುರು ಪರದೇಶದವರು ಬೆವರುತ್ತಾರೆಂಬ ಕೀರ್ತಿ ನಮ್ಮ ಎಣ್ಣೆ ಮಿಲ್ಲುಗಳ ಊರಿಗೂ ಮುಟ್ಟಿದೆ. ತಲೆಯ ಮೇಲೆ ಜೇಡರ ಬಲೆಯಂಥ ನಕ್ಷೆ. ಅದರಲ್ಲಿ ಹೋಗುವ ಊರನ್ನು ಹುಡುಕಿ, ಕೆಳಗೆ ಬರೆದ ದರ ನೋಡಿಕೊಂಡು, ಅಷ್ಟು ಯೆನ್ನಿನ ಗುಂಡಿ ಒತ್ತಬೇಕಂತೆ. ಎಲ್ಲಿಗೆ ಹೊರಟಿರೆಂದು ಕೇಳುವ ಸೌಜನ್ಯ ತಮ್ಮ ಹಳೆಯ ತಲೆಗಳಿಗಿಲ್ಲ, ಎಷ್ಟು ಕೊಡುತ್ತೀರೆಂಬುದಷ್ಟೇ ಪ್ರಶ್ನೆ. ನಮ್ಮ ಕಂಡಕ್ಟರು "ಎಲ್ಲಿಗಜ್ಜಿ?" ಅನ್ನುತ್ತಾರೆ. "ಮಗಳ ಮನೆಗಪ್ಪಾ" ಎಂದರೆ ಸಾಕು, ಬಿ.ಜಿ. ಕೆರೆಗೆ ಟಿಕೆಟ್ ಹರಿದು ಕೈಗಿಡುತ್ತಾರೆ.

ಶಿಂಕಾನ್ಸೆನ್ ಎಂಬ ಬುಲೆಟ್ ರೈಲು ಹತ್ತುವವರಿಗೆ ಪ್ರಯಾಣಕ್ಕೊಂದು, ವೇಗಕ್ಕೊಂದು ಎಂದು ಎರಡು ಟಿಕೆಟ್ ಕೊಡುತ್ತೀರಂತೆ. ಮೊಳಕಾಲ್ಮುರು ದಾರಿಯಲ್ಲಿ ಈ ನಿಯಮ ತಂದರೆ ಎರಡನೆಯದು ಖರ್ಚಾಗದು.

ನೋಟಿನ ವಿಷಯದಲ್ಲಿ ಮಾತ್ರ ತಮ್ಮ ಮೇಲೆ ಕರುಣೆಯಿದೆ. 2024ರ ಜುಲೈ 3ರಂದು ನಿಮ್ಮಲ್ಲಿ ಹೊಸ ನೋಟು ಬಂದಾಗ, ನೂಡಲ್ಸ್ ಅಂಗಡಿಗಳಲ್ಲಿ ಊಟದ ಚೀಟಿ ಕೊಡುವ ನಿಮ್ಮ ಬಂಧುಗಳಲ್ಲಿ ಎಷ್ಟೋ ಮಂದಿ ಅದನ್ನು ನುಂಗಲು ಒಪ್ಪಲಿಲ್ಲ. 2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟಿನ ಅಳತೆ ನಮ್ಮ ಎಟಿಎಂಗಳಿಗೂ ಒಗ್ಗಿರಲಿಲ್ಲ. ಯಂತ್ರಗಳನ್ನೆಲ್ಲ ಬಿಚ್ಚಿ ಸರಿಪಡಿಸಿದೆವು. 2023ರಲ್ಲಿ ಆ ನೋಟನ್ನೇ ವಾಪಸ್ ಕರೆಸಿಕೊಂಡರು.

ಸಹಾಯದ ಗುಂಡಿ ಒತ್ತಿದರೆ ಕೆಲವೆಡೆ ತಮ್ಮ ಪಕ್ಕದ ಪುಟ್ಟ ಕಿಂಡಿ ತೆರೆದು ಸಿಬ್ಬಂದಿಯೊಬ್ಬರು ತಲೆ ಹೊರಹಾಕುತ್ತಾರಂತೆ. ನಮ್ಮ ರೈಲ್ವೆ ಆ ಸಂಕೋಚವನ್ನೂ ಬಿಟ್ಟಿದೆ. ನಿಲ್ದಾಣಗಳಲ್ಲಿ ಸ್ವಯಂಚಾಲಿತ ಟಿಕೆಟ್ ಯಂತ್ರ ನಿಲ್ಲಿಸಿ, ಅದರ ಪರದೆ ಒತ್ತಿಕೊಡಲು ಕಮಿಷನ್ ಮೇಲೆ ನಿವೃತ್ತ ನೌಕರರನ್ನೂ ನಿಲ್ಲಿಸಿತು!

ಇಷ್ಟಕ್ಕೇ ನಮ್ಮನ್ನು ಹೊಗಳಿಕೊಂಡು ಮುಗಿಸುವಂತಿಲ್ಲ. ನಿಮ್ಮ ದೇಶದ ಬೌದ್ಧ ಯಾತ್ರಿಕಳೊಬ್ಬಳು ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ಬಂದಳೆನ್ನಿ. ತಮ್ಮಲ್ಲಿ ಇಂಗ್ಲಿಷಿಗೊಂದು ಗುಂಡಿಯಾದರೂ ಇದೆ, ನಮ್ಮ ಬಸ್ಸಿನ ಕನ್ನಡ ಬೋರ್ಡಿಗೆ ಎಲ್ಲಿ ಒತ್ತುವುದು? ಬ್ರಹ್ಮಗಿರಿಯ ಪಕ್ಕದ ಊರೆಂದು ಸಿದ್ದಾಪುರವನ್ನು ಫೋನಿನಲ್ಲಿ ಹುಡುಕಿದರೆ ಅದು ಉತ್ತರ ಕನ್ನಡಕ್ಕೋ ಕೊಡಗಿಗೋ ದಾರಿ ತೋರೀತು. ಐನೂರರ ನೋಟು ಕೊಟ್ಟರೆ ಟಿಕೆಟ್ಟಿನ ಹಿಂದೆ ಬಾಕಿ ಬರೆದು ಬರುತ್ತದೆ, ಇಳಿಯುವಾಗ ನೆನಪಿಟ್ಟು ಕೇಳಬೇಕು. ಇನ್ನು 2023ರ ಜೂನ್ 11ರಿಂದ ಕರ್ನಾಟಕದ ಮಹಿಳೆಯರಿಗೆ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ. ಪಕ್ಕದ ಸೀಟಿನ ತಂಗಿಗೆ ಶೂನ್ಯ ಟಿಕೆಟ್, ರಾಯದುರ್ಗಕ್ಕೆ ಕೊಟ್ಟ ಅವಳ ಅಕ್ಕನಿಗೆ ಪೂರ್ತಿ ಚಾರ್ಜು, ಯಾಕೆಂದರೆ ಆಧಾರ್ ಆಂಧ್ರದ್ದು. ಇದನ್ನು ಆ ಯಾತ್ರಿಕಳಿಗೆ ವಿವರಿಸಿ ಮುಗಿಸುವುದರೊಳಗೆ ಅವಳು ಇಳಿಯಬೇಕಾದ ಸ್ಟಾಪು ಹಿಂದೆ ಉಳಿದಿರುತ್ತದೆ. ತಮ್ಮಲ್ಲಿ ಟಿಕೆಟ್ಟಿನ ದರ ಮೀರಿ ಬಂದವರಿಗೆ ಬಾಕಿ ಕಟ್ಟಲು ಒಳಗೇ ಇನ್ನೊಂದು ಯಂತ್ರವುಂಟು, ಇಲ್ಲಿ ಚೆಕ್ಕಿಂಗಿನವರು ಹತ್ತಿದರೆ ದಂಡ.

ಅಂದಹಾಗೆ, ಓದಲು ಬಾರದ ಸಾರ್ವಜನಿಕ ಫಲಕದ ವಿಷಯದಲ್ಲಿ ತಾವು ಬಹಳ ಕಿರಿಯರು. ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳ ಮೇಲೆ ಅಶೋಕ ಪ್ರಾಕೃತದಲ್ಲಿ, ಬ್ರಾಹ್ಮಿ ಲಿಪಿಯಲ್ಲಿ ಬುದ್ಧಿಮಾತು ಕೊರೆಸಿದ. ಕೊರೆದ ಚಪಡನೋ ಇನ್ನೂ ಘಾಟಿ. ತಾನು ಲಿಪಿಕಾರನೆಂಬುದನ್ನು ವಾಯವ್ಯ ಸೀಮೆಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದು ಹೋದ. ಸಹಾಯದ ಗುಂಡಿ ಇರಲಿಲ್ಲ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬಂದು ಅವನ್ನು ಪತ್ತೆ ಮಾಡುವ ತನಕ ಸಾಲಿನಲ್ಲಿ ಕಾದೆವು.

ಆದ್ದರಿಂದ ತಮ್ಮಲ್ಲಿ ಬೇರೇನನ್ನೂ ಬೇಡುವುದಿಲ್ಲ, ಆ ಕಿಂಡಿಯನ್ನು ಮಾತ್ರ ಮುಚ್ಚಿಸಬೇಡಿ. ನಮ್ಮ ಸಾರಿಗೆಯ ಮಹನೀಯರು ಬ್ರಹ್ಮಗಿರಿಗೆ ಎಲ್ಲಿ ಇಳಿಯಬೇಕೆಂದು ಚಳ್ಳಕೆರೆ, ಮೊಳಕಾಲ್ಮುರು ನಿಲ್ದಾಣಗಳಲ್ಲಿ ಕನ್ನಡದ ಜೊತೆಗೆ ಇಂಗ್ಲಿಷಿನಲ್ಲೂ ದಪ್ಪಕ್ಷರದಲ್ಲಿ ಬರೆಸಲಿ. ಅಲ್ಲಿಯವರೆಗೆ, ಬರುವ ಜಪಾನಿಗರು ಚಿಲ್ಲರೆ ತಂದುಕೊಂಡು ಕಂಡಕ್ಟರ ಹತ್ತಿರದ ಸೀಟು ಹಿಡಿಯುವುದು ಕ್ಷೇಮ.

ಇಂತಿ,
ಚಿಲ್ಲರೆ ಬಾಕಿಯಿರುವ ಪ್ರಯಾಣಿಕ