ಒಂದೂ ಒಂದೂ ಕೂಡಿದರೆ ಸೊನ್ನೆ

ಹತ್ತಕ್ಕೆ ಆರೂವರೆ ಕೊಡುವುದರಲ್ಲಿ ನನ್ನನ್ನು ಮೀರಿಸುವ ಮೇಷ್ಟ್ರು ಇಡೀ ಮೈಸೂರಿನಲ್ಲಿ ಇಲ್ಲ ಅನ್ನೋದು ನನ್ನ ಬಹುದಿನದ ಹೆಮ್ಮೆ. ಆರು ಕೊಟ್ಟರೆ ಹುಡುಗರು ಮುಖ ಸಪ್ಪಗೆ ಮಾಡ್ತಾರೆ. ಏಳು ಕೊಟ್ಟರೆ ಎಂಟು ಯಾಕಿಲ್ಲ ಸರ್ ಅಂತ ಸ್ಟಾಫ್ ರೂಮಿನ ಬಾಗಿಲಿಗೆ ಬರ್ತಾರೆ. ಆರೂವರೆ ಕೊಟ್ಟರೆ ಮಾತ್ರ ಯಾರೂ ತುಟಿ ಬಿಚ್ಚೋದಿಲ್ಲ. ಮೇಷ್ಟ್ರು ಸಾಲುಸಾಲು ಓದಿ, ಅಳೆದು ತೂಗಿ, ಆ ಅರ್ಧ ಅಂಕವನ್ನು ಸೇರಿಸಿರಬೇಕು ಇಲ್ಲವೇ ಕಿತ್ತುಕೊಂಡಿರಬೇಕು ಅಂತ ಅವರ ನಂಬಿಕೆ. ಸೇರಿಸಿದ್ದೋ ಕಿತ್ತದ್ದೋ ನನಗೂ ಗೊತ್ತಿರ್ತಿರಲಿಲ್ಲ. ಕಾಫಿಗೆ ಮುಂಚೆ ತಿದ್ದಿದ್ದು ಐದೂವರೆ, ಕಾಫಿ ಆದಮೇಲೆ ತಿದ್ದಿದ್ದು ಆರೂವರೆ. ಇಷ್ಟೇ ಗುಟ್ಟು. ಪಾಠ ಹೇಳುವವರ ಮನೆಯಲ್ಲೆಲ್ಲ ಈ ಗುಟ್ಟು ಇದ್ದೇ ಇರುತ್ತೆ. ನಮ್ಮಲ್ಲಿಲ್ಲ ಅನ್ನುವವರ ಮನೆಯ ಡಿಕಾಕ್ಷನ್ ಬಗ್ಗೆ ನನಗೆ ಅನುಮಾನ.

ಈ ವೈಭವಕ್ಕೆ ಕಲ್ಲು ಬಿದ್ದದ್ದು ಒಂದು ಸ್ಟಾಫ್ ಮೀಟಿಂಗಿನಲ್ಲಿ. ಕಾಲೇಜುಗಳ ಮೌಲ್ಯಮಾಪನ ಮಾಡುವ ನ್ಯಾಕ್‌ನವರು ಬರ್ತಾರೆ ಅಂದರೆ ಕಾಲೇಜುಗಳು ಮೊದಲು ಸುಣ್ಣ ಬಳಿಸುತ್ತಿದ್ದವು, ಆಮೇಲೆ ಫೈಲು ಬರೆಸುತ್ತಿದ್ದವು. ಸುಣ್ಣ ಮುಗಿದಿತ್ತು. "ಇನ್ಮೇಲೆ ಅಸೈನ್‌ಮೆಂಟೆಲ್ಲ ಮೂಡಲ್‌ನಲ್ಲೇ. ಪ್ರತಿಯೊಂದಕ್ಕೂ ರೂಬ್ರಿಕ್ ಇರಬೇಕು. ಯಾರಿಗೆ ಎಷ್ಟು ಅಂಕ, ಯಾಕೆ ಅನ್ನೋದು ಹುಡುಗರಿಗೆ ಕಾಣಬೇಕು" ಅಂದರು ಪ್ರಿನ್ಸಿಪಾಲರು. ಯಾಕೆ ಅನ್ನೋದು ನನಗೇ ಕಾಣದೆ ಇಷ್ಟು ವರ್ಷ ನಡೆದುಬಂದ ವ್ಯವಹಾರ ಇದು. ಸುಮ್ಮನೆ ಕೂರಬೇಕಿತ್ತು. ಆದರೆ ಚರಿತ್ರೆ ಮೇಷ್ಟ್ರಿಗೆ ಇಸವಿ ನೆನಪಾದರೆ ಬಾಯಿ ಕಟ್ಟೋದಿಲ್ಲ. ಎದ್ದು ನಿಂತೆ. "ಸರ್, ಮೈಸೂರಿಗೆ ದೂರದಿಂದ ಪಾಠ ಹೇಳೋದು ಹೊಸದೇನಲ್ಲ. 1969ರಲ್ಲೇ ನಮ್ಮ ವಿಶ್ವವಿದ್ಯಾನಿಲಯ ಅಂಚೆ ಮತ್ತು ತೆರಪಿನ ಶಿಕ್ಷಣ ಶುರುಮಾಡಿತ್ತು. ಅದೇ ಬೆಳೆದು 1996ರಲ್ಲಿ ಮುಕ್ತಗಂಗೋತ್ರಿಯ ಮುಕ್ತ ವಿಶ್ವವಿದ್ಯಾನಿಲಯ ಆಯ್ತು. ನಾವು ಯಾವತ್ತೂ ಮುಂದೆ!" ಎಲ್ಲರೂ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರು ನಕ್ಕು, "ಸಂತೋಷ. ಹಾಗಾದ್ರೆ ಮೊದಲನೇ ರೂಬ್ರಿಕ್ ನಿಮ್ಮದೇ ಇರಲಿ" ಅಂದರು. ಚಪ್ಪಾಳೆ ಇನ್ನೂ ಜೋರಾಯಿತು. ಈ ಸಲ ಅದರಲ್ಲಿ ಸಮಾಧಾನದ ದನಿ ಇತ್ತು.

ಮೂಡಲ್ ಎಂಬ ಈ ಆನ್‌ಲೈನ್ ಪಾಠದ ತಂತ್ರಾಂಶ ಯಾರು ಮಾಡಿದ್ದು ಅಂತ ಮೊದಲು ಹುಡುಕಿದೆ. ಶತ್ರುವಿನ ವಂಶಾವಳಿ ತಿಳಿದಿರಬೇಕಲ್ಲ. ಆಸ್ಟ್ರೇಲಿಯಾದ ಪರ್ತ್ ಊರಿನ ಮಾರ್ಟಿನ್ ಡೂಗಿಯಮಸ್ ಎಂಬಾತ 2002ರಲ್ಲಿ ಹೊರತಂದದ್ದು. ಯಾರು ಬೇಕಾದರೂ ಪುಕ್ಕಟೆಯಾಗಿ ತಮ್ಮ ಸರ್ವರಿನಲ್ಲಿ ಹಾಕಿಕೊಳ್ಳಬಹುದು, ತಿದ್ದಿಕೊಳ್ಳಬಹುದು. ಪುಕ್ಕಟೆ ಅಂದಮೇಲೆ ನಮ್ಮ ಆಡಳಿತ ಮಂಡಳಿಗೆ ಬೇರೆ ಗುಣ ಯಾವುದೂ ಬೇಕಾಗಲಿಲ್ಲ. ರೂಬ್ರಿಕ್ ಅದಕ್ಕೆ ಸೇರಿಕೊಂಡದ್ದು 2011ರ ಕೊನೆಗೆ. ಅಂದರೆ ಸುಮಾರು ಒಂಬತ್ತು ವರ್ಷ ಆ ಪುಣ್ಯಾತ್ಮರೂ ಆರೂವರೆಯಲ್ಲೇ ಕಾಲ ಹಾಕಿದ್ದರು ಅಂತ ನನಗೊಂದು ಸಮಾಧಾನ.

ರೂಬ್ರಿಕ್ ಅಂದರೆ ಒಂದು ಕೋಷ್ಟಕ, ಅಷ್ಟೇ. ಎಡಗಡೆ ಏನೇನು ನೋಡ್ತೀವಿ ಅನ್ನುವ ಮಾನದಂಡಗಳು. ಅಡ್ಡಕ್ಕೆ ಹಂತಗಳು. ಒಂದೊಂದು ಚೌಕದಲ್ಲೂ ಆ ಹಂತದ ಬರಹ ಹೇಗಿರುತ್ತೆ ಅನ್ನುವ ಒಂದೆರಡು ಸಾಲು, ಕೆಳಗೆ ಅಂಕ. ತಿದ್ದುವಾಗ ಸರಿಯಾದ ಚೌಕ ಒತ್ತಿದರೆ ಅದು ಹಸಿರಾಗುತ್ತೆ. ಕೂಡಿಸೋ ಕೆಲಸ ಯಂತ್ರದ್ದು. ಕೇಳೋಕೆ ಎಷ್ಟು ಸುಲಭ!

ಕುವೆಂಪುನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅವರೆಕಾಯಿ ಕಾಲ. ಮೇಜಿನ ಮುಕ್ಕಾಲು ಭಾಗ ಅಮ್ಮನ ವಶದಲ್ಲಿತ್ತು. ನೆನೆಸಿದ ಕಾಳನ್ನು ಅಮ್ಮ ಹಿದುಕುತ್ತಿದ್ದರೆ ಬೇಳೆ ಒಮ್ಮೊಮ್ಮೆ ಹಾರಿ ಕೀಬೋರ್ಡಿಗೆ ಬರುತ್ತಿತ್ತು. ಅಸೈನ್‌ಮೆಂಟ್ ವಿಷಯ: ದೇವರಾಜ ಮಾರುಕಟ್ಟೆಗೆ ಹೋಗಿ ನೋಡಿ ಬಂದು ಬರೆಯಿರಿ. ನಾಲ್ಕು ಮಾನದಂಡ ಇಟ್ಟೆ: ವಿಷಯ ಸಂಗ್ರಹ, ಸ್ಥಳದ ಮಾಹಿತಿ, ಭಾಷೆ, ಮಂಡನೆ. ಚೌಕಗಳಲ್ಲಿ "ಚೆನ್ನಾಗಿದೆ", "ತುಂಬಾ ಚೆನ್ನಾಗಿದೆ", "ಅತ್ಯಂತ ಚೆನ್ನಾಗಿದೆ" ಅಂತ ಬರೆದು ಕೈ ಒರೆಸಿಕೊಂಡೆ.

ಬಿ.ಕಾಂ. ಓದುವ ಮಗಳು ಹಿಂದಿನಿಂದ ಬಗ್ಗಿ ನೋಡಿದಳು. "ಅಪ್ಪಾ, ಚೆನ್ನಾಗಿದೆಗೂ ತುಂಬಾ ಚೆನ್ನಾಗಿದೆಗೂ ಏನು ವ್ಯತ್ಯಾಸ?"

"ತುಂಬಾ" ಅಂದೆ.

"ಹಾಗಲ್ಲಪ್ಪಾ. ಹುಡುಗರು ಏನು ಮಾಡಿದ್ರೆ ಇಲ್ಲಿಂದ ಅಲ್ಲಿಗೆ ಹೋಗ್ತಾರೆ? ಅದನ್ನ ಬರೀಬೇಕು. ಮೂರು ಅಂಗಡಿಯವರನ್ನ ಮಾತಾಡ್ಸಿದ್ರೆ ಇಷ್ಟು, ಬರೀ ಗೂಗಲ್ ನೋಡಿ ಬರೆದಿದ್ರೆ ಇಷ್ಟು ಅಂತ. ಕಣ್ಣಿಗೆ ಕಾಣೋದು ಬರೀಬೇಕು, ನಿನ್ನ ಮನಸ್ಸಲ್ಲಿ ಇರೋದಲ್ಲ."

ನನ್ನ ಮನಸ್ಸಲ್ಲಿ ಇರೋದನ್ನು ಬಿಟ್ಟರೆ ಈ ಮನೆಯಲ್ಲಿ ನನ್ನದು ಅಂತ ಇನ್ನೇನಿದೆ ಅಂತ ಕೇಳಬೇಕೆನಿಸಿತು. ಅಷ್ಟರಲ್ಲಿ ನನ್ನಾಕೆ ಒಗ್ಗರಣೆ ಸೌಟು ಹಿಡಿದೇ ಬಂದಳು. ಅವಳು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪರದೆ ನೋಡಿ, "ಇದಾ? ಇದನ್ನ ನಾವು ಪತ್ರಲೇಖನಕ್ಕೆ ಮೊದಲಿಂದ ಮಾಡ್ತಿದ್ದೀವಲ್ರೀ. ವಿಳಾಸಕ್ಕೆ ಇಷ್ಟು, ಸಂಬೋಧನೆಗೆ ಇಷ್ಟು, ಒಡಲಿಗೆ ಇಷ್ಟು, ಮುಕ್ತಾಯಕ್ಕೆ ಇಷ್ಟು. ಎಸ್ಸೆಸ್ಸೆಲ್ಸಿ ವ್ಯಾಲ್ಯುಯೇಷನ್‌ನಲ್ಲಿ ಸ್ಕೀಮ್ ಬಿಟ್ಟು ಅರ್ಧ ಅಂಕ ಆಚೀಚೆ ಹಾಕಿದ್ರೆ ಡೆಪ್ಯೂಟಿ ಚೀಫ್ ಕರೆದು ಕೇಳ್ತಾರೆ. ನೀವು ಕಾಲೇಜಿನವರು ಈಗ ಕಣ್ಣು ಬಿಡ್ತಿದ್ದೀರಾ?" ಅಂದಳು.

ಪರ್ತ್‌ನಿಂದ ಬಂದದ್ದು ಅಂತ ನಾನು ಬೀಗುತ್ತಿದ್ದ ವಿದ್ಯೆ ವರ್ಷವರ್ಷ ಬೇಸಿಗೆಯಲ್ಲಿ ನಮ್ಮನೆಯಿಂದಲೇ ಟಿಫಿನ್ ಡಬ್ಬಿ ಕಟ್ಟಿಕೊಂಡು ಹೋಗಿ ಬರುತ್ತಿತ್ತು.

ಇಷ್ಟಕ್ಕೇ ಬಿಟ್ಟಿದ್ದರೆ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಆದರೆ ಎಲ್ಲೋ ಓದಿದ್ದೆ: ರೂಬ್ರಿಕ್ ಗಟ್ಟಿಯೋ ಜೊಳ್ಳೋ ತಿಳಿಯಬೇಕಾದರೆ ಒಂದೇ ಬರಹವನ್ನು ಬೇರೆಬೇರೆಯವರ ಕೈಲಿ ತಿದ್ದಿಸಬೇಕು, ಅಂಕಗಳು ಹತ್ತಿರಹತ್ತಿರ ಬಂದರೆ ಗಟ್ಟಿ. ಪಿಯುಸಿ ಓದುವಾಗ ಮಗಳು ಇದೇ ಮಾರುಕಟ್ಟೆ ಮೇಲೆ ಒಂದು ಪ್ರಬಂಧ ಬರೆದಿದ್ದಳು, ಹಳೇ ಫೈಲಿನಲ್ಲಿತ್ತು. ಹೆಸರಿದ್ದ ಜಾಗಕ್ಕೆ ಹೆಬ್ಬೆಟ್ಟು ಒತ್ತಿ ಹಿಡಿದು ಮನೆಯವರಿಗೆಲ್ಲ ಕೊಟ್ಟೆ.

ನನ್ನಾಕೆ ಕನ್ನಡಕ ಏರಿಸಿ ಕೆಂಪು ಪೆನ್ನು ಹುಡುಕಿದಳು. ಹತ್ತಕ್ಕೆ ನಾಲ್ಕು. "ಅಲ್ಪಪ್ರಾಣ ಮಹಾಪ್ರಾಣ ಎರಡೂ ಹೋಗಿವೆ." ಮಗಳು ಗುರುತು ಹಿಡಿದೂ ಹಿಡಿಯದವಳಂತೆ ಒಂಬತ್ತು ಕೊಟ್ಟಳು. "ಪಾಪ, ಎಷ್ಟು ಕಷ್ಟಪಟ್ಟಿದ್ದಾಳೆ." ಅಮ್ಮನ ಕೈಗೆ ಕೊಟ್ಟರೆ ಅವರು ಹಾಳೆಯನ್ನು ಹಿಂದೆಮುಂದೆ ತಿರುಗಿಸಿದರು.

"ಹುಡುಗಿ ಯಾರ ಮನೆಯವಳೋ?"

"ಹೆಸರು ನೋಡಬಾರದಮ್ಮ. ಅದೇ ಇದರ ನಿಯಮ."

"ಮನೆತನ ನೋಡದೆ ಒಳ್ಳೇದು ಕೆಟ್ಟದ್ದು ಹೇಗೋ ಹೇಳೋದು? ಕಾಗದ ಬಿಳೀಗಿದೆ. ಎಂಟು ಹಾಕ್ಕೋ. ಯಾವುದಕ್ಕೂ ಒಂದ್ಸಲ ಮನೆಗೆ ಬರಕ್ಕೆ ಹೇಳು, ನೋಡೋಣ."

ನಾನು ಎಷ್ಟು ಕೊಟ್ಟೆ ಅಂತ ಓದುಗರು ಊಹಿಸಿರಬಹುದು. ಆದರೆ ಕೋಷ್ಟಕ ಹಿಡಿದು ತಿದ್ದಲು ಹೊರಟವನು ನಾನೊಬ್ಬನೇ, ಕೊಡಲಾಗಲಿಲ್ಲ! ನಾಲ್ಕು ಮಾನದಂಡಕ್ಕೆ ಮೂರು ಮೂರರಂತೆ ಹನ್ನೆರಡು, ಅದನ್ನು ಹತ್ತಕ್ಕೆ ಇಳಿಸಿದರೆ ಯಾವ ಚೌಕ ಒತ್ತಿದರೂ ಆರೂವರೆ ಹುಟ್ಟುವುದೇ ಇಲ್ಲ. ಐದು ಪಾಯಿಂಟ್ ಎಂಟು ಮೂರು ಬರುತ್ತೆ, ಆರು ಪಾಯಿಂಟ್ ಆರು ಏಳು ಬರುತ್ತೆ. ನಡುವೆ ನನ್ನ ಜೀವಮಾನದ ಸಾಧನೆ ಕಂದಕಕ್ಕೆ ಬಿದ್ದಿತ್ತು.

ಸೋತವನಿಗೆ ಹೊಸ ಭಾಷೆ ಸಿಕ್ಕರೆ ಎಲ್ಲಾದರೂ ಬಳಸದೆ ಇರಲಾಗುತ್ತದೆಯೇ? ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ಕೂತು, "ವಿಷಯ ಸಂಗ್ರಹ ಪರವಾಗಿಲ್ಲ, ಮಂಡನೆ ಮಧ್ಯಮ" ಅಂದೆ. ನನ್ನಾಕೆ ತಟ್ಟೆ ಎತ್ತಿಕೊಂಡಳು. "ಮರುಮೌಲ್ಯಮಾಪನಕ್ಕೆ ತಗೊಂಡು ಹೋಗ್ತೀನಿ. ಅರ್ಜಿ ಹಾಕಿ, ಶುಲ್ಕ ಕಟ್ಟಿ." ತಟ್ಟೆ ವಾಪಸ್ ಬರಲಿಲ್ಲ. ಕಾಲೇಜ್ ಕ್ಯಾಂಟೀನಿನಲ್ಲಿ ತಿಂದ ಇಡ್ಲಿಗೆ ನಾನು ಯಾವ ಮಾನದಂಡವನ್ನೂ ಹಚ್ಚಲಿಲ್ಲ.

ಅಂತೂ ಮಗಳು ಹೇಳಿದಂತೆ ಚೌಕಗಳನ್ನು ತಿದ್ದಿ ಬರೆದು ರೂಬ್ರಿಕ್ ಏರಿಸಿದೆ. ಕರಡು ಅಂತ ಉಳಿಸಿಟ್ಟರೆ ಅದು ಕೆಲಸಕ್ಕೆ ಬಾರದು, ಸಿದ್ಧ ಅಂತಲೇ ಉಳಿಸಬೇಕು. ಹುಡುಗರು ಮುಂಚೆಯೇ ನೋಡಬಹುದು ಅನ್ನುವ ಆಯ್ಕೆಗೂ ಟಿಕ್ ಹಾಕಿದೆ. ಪಾರದರ್ಶಕತೆ! ಹುಡುಗರು ಚೆನ್ನಾಗಿಯೇ ನೋಡಿದರು. "ಕನಿಷ್ಠ ಮೂರು ವ್ಯಾಪಾರಿಗಳ ಮಾತು" ಅಂತ ನಾನು ಬರೆದಿದ್ದೆ. ತರಗತಿ ಪೂರ್ತಿ ಮೂರೇ ಮೂರು ಜನರನ್ನು ಮಾತಾಡಿಸಿತ್ತು, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ. ಆ ಮೂವರೂ ಒಂದೇ ವಾಕ್ಯ ಹೇಳಿದ್ದರು: "ಮೊದಲಿನಂತೆ ವ್ಯಾಪಾರ ಇಲ್ಲ." ಎಲ್ಲರೂ 2016ರಲ್ಲಿ ಮಾರುಕಟ್ಟೆಯ ಉತ್ತರ ಭಾಗ ಕುಸಿದದ್ದನ್ನು ಒಂದೇ ಪ್ಯಾರಾದಲ್ಲಿ ಬರೆದಿದ್ದರು, ಆ ಪ್ಯಾರಾದಲ್ಲಿ ಒಂದೇ ಕಾಗುಣಿತದ ತಪ್ಪಿತ್ತು. ಚೌಕ ಒತ್ತಿದೆ, ಹಸಿರಾಯಿತು. ಒತ್ತಿದೆ, ಹಸಿರಾಯಿತು. ಅವರ ಬರಹ ಸಪ್ಪೆ ಅಂತ ನನಗೆ ಗೊತ್ತು, ಅವರಿಗೂ ಗೊತ್ತು, ಆದರೆ ಸಪ್ಪೆ ಅನ್ನುವ ಚೌಕ ನಾನೇ ಇಟ್ಟಿರಲಿಲ್ಲ.

ಒಬ್ಬ ಹುಡುಗಿ ಮಾತ್ರ ಒಬ್ಬರೇ ಒಬ್ಬ ವೀಳ್ಯದೆಲೆ ಅಜ್ಜಿಯ ಪಕ್ಕ ಇಡೀ ಮಧ್ಯಾಹ್ನ ಕೂತು ಬಂದಿದ್ದಳು. ಮೈಸೂರು ಎಲೆಯನ್ನು ಮುಟ್ಟಿ ಹೇಗೆ ಗುರುತಿಸೋದು, ಬಾಡದಿರಲು ನೀರು ಹೇಗೆ ಚಿಮುಕಿಸೋದು, ಮದುವೆ ಮನೆಯವರು ಹೇಗೆ ಚೌಕಾಸಿ ಮಾಡ್ತಾರೆ, ಚೌಕಾಸಿ ಮಾಡದೆ ಹೋದವರ ಬಗ್ಗೆ ಅಜ್ಜಿಗೆ ಯಾಕೆ ಬೇಜಾರು. ಓದುತ್ತಾ ನನ್ನ ಕಾಫಿ ಆರಿಹೋಯಿತು. ನನ್ನ ಕೋಷ್ಟಕದ ಪ್ರಕಾರ ಅವಳಿಗೆ ಮೂವರು ವ್ಯಾಪಾರಿಗಳಿಲ್ಲ, ಇಸವಿ ಇಲ್ಲ, ಉಪಶೀರ್ಷಿಕೆ ಇಲ್ಲ. ಯಾವುದಾದರೂ ಒಂದು ಮಾನದಂಡ ಖಾಲಿ ಬಿಟ್ಟು ಮುಂದೆ ಹೋಗೋಣವೆಂದರೆ ಮೂಡಲ್ ಬಿಡೋದಿಲ್ಲ, ಪ್ರತಿಯೊಂದಕ್ಕೂ ಏನಾದರೂ ಆರಿಸಿ ಅನ್ನುತ್ತೆ. ಆರಿಸಿದೆ. ನಾನೇ ಹೊಲಿದ ಅಂಗಿ ಅವಳ ತಲೆಗೆ ಇಳಿಯುತ್ತಿರಲಿಲ್ಲ.

ಅಂಕ ಪ್ರಕಟವಾದ ಸಂಜೆ ಫೋನ್ ಶುರುವಾಯಿತು. ಮೊದಲನೆಯವನು ಕ್ಲಾಸಿಗೆ ಅಪರೂಪಕ್ಕೆ ಬರುವ ಹುಡುಗ. ದನಿಯಲ್ಲಿ ಕೋಪ ಇರಲಿಲ್ಲ, ನಿಜವಾದ ಜಿಜ್ಞಾಸೆ ಇತ್ತು.

"ಸರ್, ಒಂದು ಡೌಟು. ನನಗೆ ಒಂದು, ಒಂದು, ಒಂದು, ಒಂದು ಅಂತ ನಾಲ್ಕೂ ಕಡೆ ಒಂದು ಹಾಕಿದ್ದೀರ. ಟೋಟಲ್ ಸೊನ್ನೆ ಬಂದಿದೆ. ಒಂದೂ ಒಂದೂ ಕೂಡಿದ್ರೆ ಸೊನ್ನೆ ಹೇಗೆ ಸರ್?"

ನಾನು ಚರಿತ್ರೆಯವನಪ್ಪ, ಗಣಿತದವರನ್ನು ಕೇಳು ಅಂತ ಇಟ್ಟುಬಿಟ್ಟೆ. ಆದರೆ ಎದೆ ಹೊಡೆದುಕೊಳ್ಳತೊಡಗಿತು. ಯಾರೂ ಬರಿಗೈಲಿ ಹೋಗಬಾರದು ಅಂತ ದೊಡ್ಡ ಮನಸ್ಸು ಮಾಡಿ ಕೆಳಗಿನ ಹಂತಕ್ಕೂ ಒಂದು ಅಂಕ ಇಟ್ಟವನು ನಾನು. ಆ ದೊಡ್ಡ ಮನಸ್ಸಿಗೆ ಒಂದು ಟಿಕ್ ಬಾಕಿ ಇತ್ತಂತೆ. ಕೆಳಹಂತಕ್ಕೆ ಸೊನ್ನೆ ಬಿಟ್ಟು ಬೇರೆ ಅಂಕ ಇಟ್ಟರೆ, ಆ ಕನಿಷ್ಠವನ್ನು ಕನಿಷ್ಠವಾಗಿಯೇ ಲೆಕ್ಕ ಹಿಡಿ ಅಂತ ಕೆಳಗಿನ ಪಟ್ಟಿಯಲ್ಲಿ ಟಿಕ್ ಇರಬೇಕು. ನಾನು ಪಾರದರ್ಶಕತೆಗೆ ಟಿಕ್ ಹಾಕುವ ಸಂಭ್ರಮದಲ್ಲಿ ಅದರ ಟಿಕ್ ತೆಗೆದಿದ್ದೆ. ಹಾಗಾಗಿ ಹನ್ನೆರಡಕ್ಕೆ ನಾಲ್ಕು ಬಂದವನು ಹತ್ತಕ್ಕೆ ಸೊನ್ನೆ. ಎಂಟು ಬಂದವನು ಆರು ಪಾಯಿಂಟ್ ಆರು ಏಳರ ಬದಲು ಐದು. ಯಂತ್ರ ನಾನು ಹೇಳಿದ್ದನ್ನೇ ಮಾಡಿತ್ತು. ನಮ್ಮನೆಯಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೊಂದೇ.

ಟಿಕ್ ಹಾಕಿ ಸುಮ್ಮನೆ ಮಲಗಬಹುದಿತ್ತು. ಆದರೆ ವೀಳ್ಯದೆಲೆ ಅಜ್ಜಿ ನಿದ್ದೆ ಕೊಡಲಿಲ್ಲ. "ಸ್ವಂತ ನೋಟ" ಅಂತ ಐದನೇ ಮಾನದಂಡ ಸೇರಿಸಿದೆ. ಉಳಿಸು ಅಂತ ಒತ್ತಿದ ಕೂಡಲೇ ಎಚ್ಚರಿಕೆ ಬಂತು: ಈ ರೂಬ್ರಿಕ್‌ನಿಂದ ಆಗಲೇ ಅಂಕ ಕೊಟ್ಟಾಗಿದೆ. ಬದಲಾವಣೆ ಉಳಿಸಿದರೆ ಮತ್ತೆ ತಿದ್ದುವವರೆಗೆ ಹುಡುಗರಿಗೆ ರೂಬ್ರಿಕ್ ಕಾಣೋದಿಲ್ಲ. ನ್ಯಾಯವಂತನಂತೆ ಆಗಲಿ ಅಂದೆ. ಇಡೀ ತರಗತಿಯ ಕೋಷ್ಟಕ ಮಾಯ. ಫೋನಿನ ಎರಡನೇ ಸುತ್ತು ಶುರು. "ಸರ್, ರೂಬ್ರಿಕ್ ಎಲ್ಲಿ ಸರ್?" "ಸರ್, ಡಿಲೀಟ್ ಮಾಡಿಬಿಟ್ರಾ ಸರ್?" ಒಬ್ಬ ತಂದೆ ಕೂಡ ಮಾತಾಡಿದರು, ಬಹಳ ವಿನಯದಿಂದ, ವಕೀಲರಂತೆ.

ಆ ರಾತ್ರಿ ಎಲ್ಲವನ್ನೂ ಮತ್ತೆ ತಿದ್ದಿದೆವು. ಬಹುವಚನ ಗಮನಿಸಿ. ನಾನು ಓದಿ ಹೇಳೋದು, ಮಗಳು ಚೌಕ ಒತ್ತೋದು, ನನ್ನಾಕೆ "ಅದು ಎರಡಲ್ಲ ಒಂದು, ಸ್ಕೀಮ್ ನೋಡ್ರೀ" ಅಂತ ಗದರೋದು. ಅಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡುತ್ತಾ, "ಎಲೆ ಮಾರೋ ಅಜ್ಜಿ ಹತ್ರ ಕೂತಿದ್ದಳಲ್ಲ ಆ ಹುಡುಗಿಗೆ ಎಷ್ಟು ಬಂತು?" ಅಂತ ಮತ್ತೆಮತ್ತೆ ಕೇಳಿದರು. ಸ್ವಂತ ನೋಟದಲ್ಲಿ ಪೂರ್ತಿ ಮೂರು ಬಂತು ಅಂದಮೇಲೇ ಹೋಗಿ ಮಲಗಿದ್ದು.

ವಾರ ಕಳೆದು ಪ್ರಿನ್ಸಿಪಾಲರು ಕರೆಸಿದರು. ಇಡೀ ಕಾಲೇಜಿನಲ್ಲಿ ರೂಬ್ರಿಕ್ ಮಾಡಿ, ಬಳಸಿ, ಮತ್ತೆ ತಿದ್ದಿ ದಾಖಲೆ ಇಟ್ಟವನು ನಾನೊಬ್ಬನೇ ಅಂತೆ. ಫೈಲಿಗೆ ಅದು ಬಹಳ ಶ್ರೇಷ್ಠವಾಗಿ ಕಾಣುತ್ತಂತೆ. ಇವತ್ತಿನಿಂದ ಎಲ್ಲ ವಿಭಾಗಗಳಿಗೂ ನಾನೇ ರೂಬ್ರಿಕ್ ಸಂಯೋಜಕ. ಗಾಡಿ ಸ್ಟ್ಯಾಂಡ್ ಹಾಕುವ ಮೊದಲೇ ಗೇಟಿನಿಂದಲೇ ಕೂಗಿ ಸುದ್ದಿ ಹೇಳಿದೆ.

"ಸಂಬಳ ಎಷ್ಟು ಜಾಸ್ತಿ ಮಾಡ್ತಾರಂತೆ?" ಅಂದಳು ನನ್ನಾಕೆ.

"ಸಂಬಳ ಅಲ್ಲ ಕಣೇ, ಪ್ರಶಂಸಾ ಪತ್ರ ಕೊಡ್ತಾರೆ."

ಒಳಗಿನಿಂದ ಅಮ್ಮ ಕೇಳಿದರು: "ಫ್ರೇಮ್ ಹಾಕಿಸಿ ಕೊಡ್ತಾರೇನೋ, ಇಲ್ಲ ಅದೂ ನಮ್ಮದೇ ಖರ್ಚೋ?"