ಹತ್ತೊಂಬತ್ತು ಲೀಟರ್ ಅಳಿಯ

ಚಿಕ್ಕಬಾಣಾವರದ ಮನೆಯಲ್ಲಿದ್ದಷ್ಟು ಕಾಲ ನನ್ನ ಸೋದರಳಿಯ ತಾನು ಕುಡಿದ ಕಾಫಿ ಲೋಟವನ್ನು ಸಿಂಕಿನವರೆಗೆ ಒಯ್ದವನಲ್ಲ. ಲೋಟ ತಾನೇ ನಡೆದು ಹೋಗುತ್ತದೆಂದು ಅವನ ನಂಬಿಕೆ. ಅಕ್ಕ ಆ ನಂಬಿಕೆಗೆ ಚ್ಯುತಿ ಬರಗೊಡಲಿಲ್ಲ. ಅಂಥವನು ಈಗ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಶನಿವಾರವಿಡೀ ಗ್ಯಾರೇಜಿನಲ್ಲಿ ಕುಕ್ಕರುಗಾಲಲ್ಲಿ ಕೂತು ಪಾತ್ರೆ ತಿಕ್ಕುತ್ತಾನೆ. ಮನೆಯಲ್ಲೇ ಬಿಯರ್ ಮಾಡುವ ಖಯಾಲಿ. ಆ ಕಸುಬಿನಲ್ಲಿ ಕಾಯಿಸುವುದು ಒಂದು ಪಾಲಾದರೆ ತೊಳೆಯುವುದು ಒಂಬತ್ತು ಪಾಲು. ಚೂರು ಕೊಳೆ ಉಳಿದರೂ ಬೇಡದ ಸೂಕ್ಷ್ಮಾಣು ಸೇರಿ ಎಲ್ಲ ಹುಳಿ.

ಅಕ್ಕನಿಗೆ ಮೊದಮೊದಲು ವಿಷಯ ಗೊತ್ತಿರಲಿಲ್ಲ. ವಿಡಿಯೊ ಕಾಲಿನಲ್ಲಿ "ಏನೋ ಅದು ಕುದೀತಿರೋದು?" ಎಂದರೆ "ಬಾರ್ಲಿ ಅಮ್ಮಾ" ಎನ್ನುತ್ತಿದ್ದ. ಸುಳ್ಳಲ್ಲ. ಉರಿಮೂತ್ರಕ್ಕೆ ಬಿಟ್ಟರೆ ಬಾರ್ಲಿಗೆ ಬೇರೆ ಉಪಯೋಗವಿದೆಯೆಂದು ತಿಳಿಯದ ಅಕ್ಕ, ಮಗನಿಗೆ ಉಷ್ಣವಾಗಿದೆ ಎಂದು ಹೆಸರಘಟ್ಟ ರಸ್ತೆಯ ಅಂಗಡಿಯಿಂದ ಕಾಮಕಸ್ತೂರಿ ಬೀಜ ತಂದು ಪಾರ್ಸೆಲ್ ಮಾಡಿಸಿದಳು.

ಮೊದಲು ಅವನು ಪ್ಲಾಸ್ಟಿಕ್ ಬಕೀಟಿನಲ್ಲಿ ಹುದುಗಿಸಿ, ಗಾಜಿನ ಜಾಡಿಗೆ ಸುರಿದು, ಬಾಟಲಿಗಳಿಗೆ ತುಂಬುತ್ತಿದ್ದ. ಅಷ್ಟನ್ನೂ ತೊಳೆದು ಸೊಂಟ ಬಿದ್ದ ಮೇಲೆ ಜ್ಞಾನೋದಯವಾಯಿತು: ಕೆಗ್ಗಿನಲ್ಲೇ ಹುದುಗಿಸು, ಕೆಗ್ಗಿನಿಂದಲೇ ಕುಡಿ. ಕೆಗ್ ಎಂದರೆ ಹಿಂದೆ ಪೆಪ್ಸಿ, ಕೋಕಿನವರು ಪಾನೀಯದ ಪಾಕ ತುಂಬಿ ಅಂಗಡಿಗಳಿಗೆ ಕಳಿಸುತ್ತಿದ್ದ ಸ್ಟೀಲಿನ ಉದ್ದ ಡಬ್ಬಿ, 19 ಲೀಟರಿನದು. ಅವರು ಪಾಕವನ್ನು ರಟ್ಟಿನ ಪೆಟ್ಟಿಗೆಯೊಳಗಿನ ಚೀಲಕ್ಕೆ ತುಂಬತೊಡಗಿದ ಮೇಲೆ ಡಬ್ಬಿಗಳು ಗುಜರಿಗೆ ಬಂದವು. ಮನೆ ಬಿಯರಿನವರು ಎತ್ತಿಕೊಂಡರು. ಅದರ ಮುಚ್ಚಳ ನೋಡುವಂಥದು. ಮೊಟ್ಟೆಯಾಕಾರ; ಓರೆ ಮಾಡಿ ಬಾಯೊಳಗೆ ತೂರಿಸಿ ಒಳಗಿನಿಂದ ಮೇಲಕ್ಕೆಳೆದು ಕೂರಿಸಬೇಕು, ಥೇಟ್ ಹಾಕಿನ್ಸ್ ಕುಕ್ಕರು. ಯೀಸ್ಟು ಸಕ್ಕರೆ ತಿಂದು ಗ್ಯಾಸು ಬಿಟ್ಟಷ್ಟೂ ಮುಚ್ಚಳ ಬಿಗಿಯಾಗುತ್ತದೆ. ಹೆಚ್ಚಾದದ್ದನ್ನು ಬುಸ್ಸೆಂದು ಹೊರಗೆ ಬಿಡಲು ತಿರುಪಿನ ವಾಲ್ವ್ ಉಂಟು. ಉಳಿದ ಗ್ಯಾಸು ಬಿಯರಿನೊಳಗೇ ಕರಗುವುದರಿಂದ ಬಿಯರಿಗೆ ಗ್ಯಾಸು ತುಂಬುವ ಸಿಲಿಂಡರಿನ ಖರ್ಚೂ ಕೊಂಚ ಮಿಕ್ಕುತ್ತದೆ. ನೊರೆಗೆ ಜಾಗ ಬೇಕಾದ್ದರಿಂದ ಹದಿನೈದು ಹದಿನಾರು ಲೀಟರಿಗೇ ಕೈ ತಡೆಯಬೇಕು. ತಳದಲ್ಲಿ ಯೀಸ್ಟಿನ ಗಸಿ ಕೂರುತ್ತದೆ; ಎಳೆಯುವ ಕೊಳವೆ ತಳ ಮುಟ್ಟುವುದರಿಂದ ಮೊದಲ ಲೋಟ ಕೆಸರೇ. ಅದಕ್ಕೆ ಕೆಲವರು ಕೊಳವೆಯ ತುದಿ ಕತ್ತರಿಸುತ್ತಾರೆ. ನಮ್ಮವನು ತೇಲುವ ಕೊಳವೆ ಹಾಕಿ ಮೇಲಿನ ತಿಳಿ ಎಳೆಯುತ್ತಾನೆ.

ಗುಟ್ಟು ರಟ್ಟಾದ ದಿನ ಇದನ್ನೆಲ್ಲ ಅವನು ಅಕ್ಕನಿಗೆ ಬಿಡಿಸಿ ಹೇಳಿದ. ಅವಳು ಕೇಳಿದ್ದು ಒಂದೇ: "ಮಾಡಿದ ಪಾತ್ರೇಲೇ ಬಡಿಸ್ತೀಯೇನೋ? ಬಂದವರು ಏನಂದ್ಕೋತಾರೆ?"

ಅಲ್ಲಿ ಇದಕ್ಕೆ ಕಾನೂನಿನ ಬೆಂಬಲವಿದೆ. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಂತೆ ವಯಸ್ಕ ಒಬ್ಬನೇ ಇರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಅಂದರೆ ಸುಮಾರು 378 ಲೀಟರ್ ಮಾಡಬಹುದು. ಇಬ್ಬರೋ ಹೆಚ್ಚೋ ಇದ್ದರೆ 200 ಗ್ಯಾಲನ್. ಮಾರುವಂತಿಲ್ಲ. ಮಗನ ಜಾತಕ ಹೊತ್ತು ತಿರುಗಿ ಸೋತಿದ್ದ ಅಕ್ಕನಿಗೆ ಇದರಲ್ಲೊಂದು ದಾರಿ ಕಂಡಿತು. "ಹಾಗಾದ್ರೆ ಮದ್ವೆ ಆಗೋ, ಡಬಲ್ ಆಗತ್ತೆ." ಅವನು ಅಷ್ಟೇ ಗಂಭೀರವಾಗಿ, "ನೀನೇ ಬಂದಿದ್ದುಬಿಡಮ್ಮ, ಆಗಲೂ ಇಬ್ಬರೇ ತಾನೆ" ಎಂದ.

ಕಳೆದ ರಜೆಗೆ ಬಂದವನು ಹಳೆಯ ಕೆಗ್ಗೊಂದನ್ನು, ಹೊಟ್ಟೆಗೆ ಬಾದಾಮಿ, ಕಾಲುಚೀಲ ತುರುಕಿ, ಹೊತ್ತು ತಂದ. "ಇಲ್ಲೂ ಒಂದು ಕೈ ನೋಡೋಣ ಮಾವ." 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಲೈಸೆನ್ಸಿಲ್ಲದೆ ಮದ್ಯ ತಯಾರಿಸುವುದು ಅಪರಾಧ ಎಂದು ನಿವೃತ್ತ ಗುಮಾಸ್ತನ ಗತ್ತಿನಲ್ಲಿ ಹೇಳಿದೆ. ಕಿಂಗ್‌ಫಿಷರಿನ ಊರು, ಇಂದಿರಾನಗರದಲ್ಲಿ ಎತ್ತ ನೋಡಿದರೂ ಮೈಕ್ರೋಬ್ರೂವರಿ. ನಮ್ಮ ಬಚ್ಚಲುಮನೆಯಲ್ಲಿ ಮಾತ್ರ ಕೂಡದು. ಅಳಿಯ ಮುಖ ಸಪ್ಪಗೆ ಮಾಡಿಕೊಂಡ.

ಅನಾಥ ಕೆಗ್ಗಿನ ಮೇಲೆ ಅಕ್ಕನ ಕಣ್ಣು ಬಿತ್ತು. ಸೇರು ತೂರದ ಬಾಯಿ, ಅಕ್ಕಿ ಬೇಳೆಗೆ ಆಗದು. ಶುದ್ಧ ಕುಡಿಯುವ ನೀರಿನ ಘಟಕಕ್ಕೆ ಹೊರಡಿಸಿದಳು. ನಾಣ್ಯ ಹಾಕಿದರೆ ಯಂತ್ರ ಬಿಡುವುದು 20 ಲೀಟರ್. ಇದು ಹಿಡಿಯುವುದು 19. ಮಿಕ್ಕ ಒಂದು ಲೀಟರು ಕಾಲ ಮೇಲೆ ಹೋಯಿತು. ಕೊಟ್ಟ ಕಾಸಿನ ನೀರು ಚೆಲ್ಲುವುದನ್ನು ಅಕ್ಕ ಸಹಿಸಿಯಾಳೆ? ಮರುದಿನದಿಂದ ಅಳಿಯ ಕೆಗ್ಗು ಹಿಡಿದು ಮುಂದೆ, ಅಕ್ಕ ಚೊಂಬು ಹಿಡಿದು ಹಿಂದೆ. ಸಾಲಿನಲ್ಲಿದ್ದವರೊಬ್ಬರು "ಏನಮ್ಮಾ ಇದು, ಆಕ್ಸಿಜನ್ನಾ?" ಎಂದು ಕನಿಕರದಿಂದ ಕೇಳಿದರು.

"ಅಲ್ಲ, ಅಮೆರಿಕದ್ದು" ಎಂದಳು ಅಕ್ಕ.